ಟ್ರಾಮ್ ಹಳಿ ಪಕ್ಕದ ಕಾಲೇಜು

ಅತ್ತೆ ಪಾರ್ವತೆವ್ವನ ಎದೆಯ ಸ್ಕ್ಯಾನಿಂಗಿಗೆ ಜೊತೆಯಾಗಿ ಕಲ್ಯಾಣಿಯೇ ಹೋಗಬೇಕಿತ್ತು. ಆದರೆ ಅವಳು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಆ ದಿನ ಇಬ್ಬರು ಬಂದಿರಲಿಲ್ಲ, ರಜೆ ಸಿಗಲಿಲ್ಲ. ಗಂಡ ಮುರಿಗೆಪ್ಪ ನೀರಿನ ಕಂಪನಿಯಲ್ಲಿ ಎಂಜಿನಿಯರು. ಎಲ್ಲೋ ದೊಡ್ಡ ಪೈಪು ಒಡೆದು ರಸ್ತೆಯೆಲ್ಲ ಹೊಳೆಯಾಗಿದೆಯೆಂದು ಬೆಳಗ್ಗೆಯೇ ಓಡಿದ್ದ. ಕೊನೆಗೆ ಮಗಳು ಚಿನ್ಮಯಿ ಅಜ್ಜಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಅವಳು ಇತಿಹಾಸದಲ್ಲಿ ಡಿಗ್ರಿ ಮುಗಿಸಿ ಒಂದು ವರ್ಷವಾಗಿತ್ತು, ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಲೈಬ್ರರಿಯೊಂದರಲ್ಲಿ ಕೆಲಸಕ್ಕಿದ್ದಳು. ಇದು 2002ರ ಏಪ್ರಿಲ್ ತಿಂಗಳ ಮಾತು.

ಕತ್ತಲು ಮಾಡಿದ ಸಣ್ಣ ಕೋಣೆ. ಪಾರ್ವತೆವ್ವ ಎಡಮಗ್ಗುಲಾಗಿ ಮಲಗಿದ್ದಳು. ನರ್ಸಿನಂತೆ ಕಾಣುವ ಹುಡುಗಿ ಎದೆಗೆ ಏನೋ ಅಂಟು ಸವರಿದಳು.

"ಯವ್ವಾ, ಎಷ್ಟ ತಣ್ಣಗೈತಿ ಇದು!" ಎಂದು ಪಾರ್ವತೆವ್ವ ಬೆಚ್ಚಿದಳು.

ಪರದೆಯ ಮೇಲೆ ಬೂದು ಬಣ್ಣದ ಮೋಡದಂಥದ್ದು ಮೂಡಿತು. ಮೋಡದೊಳಗೆ ಎರಡು ತೆಳ್ಳಗಿನ ಎಳೆಗಳು ಬಡಿದುಕೊಳ್ಳುತ್ತಿದ್ದವು. ಹುಡುಗಿ ಬೆರಳು ತೋರಿಸಿ ವಾಲ್ವ್ ಅಂದಳು.

"ಏನಂತಾಳ ಆಕಿ?"

ಚಿನ್ಮಯಿಗೆ ಕನ್ನಡದ ಪದ ಹೊಳೆಯಲಿಲ್ಲ. "ಬಾಗಲಾ, ಅಜ್ಜಿ. ನಿನ್ನ ಹಾರ್ಟಿನ್ಯಾಗ ಬಾಗಲಾ ಅದಾವು. ತಗೀತಾವು, ಮುಚ್ಚತಾವು" ಅಂದಳು.

"ಯಾರು ತಗೀತಾರ?"

"ಯಾರೂ ಇಲ್ಲ. ತಾವಾಗೇ."

"ನಾ ಮಲಗಿದಾಗೂ?"

"ಹೂಂ. ನೀ ಹುಟ್ಟೂಕಿಂತ ಮೊದಲಿಂದ. ಒಂದ್ ಸಲಾನೂ ನಿಂತಿಲ್ಲ."

ಮುದುಕಿ ಪರದೆಯ ಕಡೆಗೇ ನೋಡುತ್ತ ಮಲಗಿದಳು. ಚಿನ್ಮಯಿಯೂ ನೋಡಿದಳು. ತನ್ನನ್ನು ಎತ್ತಿ ಆಡಿಸಿದ, ತನಗೆ ರೊಟ್ಟಿ ಮುರಿದು ತಿನ್ನಿಸಿದ ಅಜ್ಜಿಯೊಳಗೆ ಇದೊಂದು ಇಷ್ಟು ವರ್ಷ ಯಾರಿಗೂ ಹೇಳದೆ ಕೆಲಸ ಮಾಡುತ್ತಲೇ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕೂತವಳಿಗೆ ಇಳಿಯುವ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ.

ಆ ವಾರ ಪೂರ್ತಿ ಅವಳು ಲೈಬ್ರರಿಯಿಂದ ಬೇರೆ ಬೇರೆ ಪುಸ್ತಕ ತಂದಳು. ಮುಂದಿನ ಭಾನುವಾರ ಊಟಕ್ಕೆ ಕೂತಾಗ, "ನಾನು ಡಾಕ್ಟರ್ ಆಗ್ಬೇಕು" ಅಂದಳು.

ಮುರಿಗೆಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಈಗ?"

"ಈಗ."

"ಹದಿನಾರ ವರ್ಷದಾಕಿದ್ದಾಗ ನಾ ಬಡಕೊಂಡ್ನೆಲ್ಲವಾ, ಸೈನ್ಸ್ ತಗೋ ಸೈನ್ಸ್ ತಗೋ ಅಂತ. ಆಗ ಹಿಸ್ಟರಿ ಹಿಸ್ಟರಿ ಅಂತ ಕುಣದಿ."

"ಆಗ ನೋಡಿರಲಿಲ್ಲಲ್ಲಪ್ಪಾ."

"ಏನ ನೋಡಿರಲಿಲ್ಲ?"

ಅದನ್ನು ಹೇಳಲು ಅವಳಿಗೆ ಎರಡು ಭಾಷೆಯಲ್ಲೂ ಬರಲಿಲ್ಲ. ಕಲ್ಯಾಣಿ ನಡುವೆ ಬಂದು, "ಸೈನ್ಸ್ ಓದಲಾರದಾಕಿನ್ನ ಯಾರು ತಗೋತಾರ?" ಎಂದು ಕೇಳಿದಳು. ಕೆಮಿಸ್ಟ್ರಿ, ಬಯಾಲಜಿ ಕಲಿಸುವ ಒಂದು ವರ್ಷದ ಓದು ಇದೆ, ಡಿಗ್ರಿ ಮುಗಿಸಿದವರೂ ಅದನ್ನು ಮಾಡಿ ಮೆಡಿಕಲ್ಲಿಗೆ ಅರ್ಜಿ ಹಾಕಬಹುದು ಎಂದು ಚಿನ್ಮಯಿ ವಿವರಿಸಿದಳು. ಮುರಿಗೆಪ್ಪ ಬೈಯುವ ಮುಖ ಮಾಡಿಕೊಂಡೇ ಇದ್ದ, ಆದರೆ ಅವನ ಸಂತೋಷ ಮುಚ್ಚಿಡುವಂಥದ್ದಾಗಿರಲಿಲ್ಲ. ಎರಡು ರೊಟ್ಟಿ ತಿನ್ನುವವನು ಅವತ್ತು ಮೂರನೆಯದನ್ನೂ ಹಾಕಿಸಿಕೊಂಡ.

ಮಾಡುವುದಾದರೆ ಒಳ್ಳೆಯ ಕಡೆಯೇ ಮಾಡಬೇಕೆಂದು ಅವನೇ ವಿಚಾರಿಸಿ, ಕೆನ್ಸಿಂಗ್ಟನ್ನಿನಲ್ಲಿ ಒಂದು ಖಾಸಗಿ ಕಾಲೇಜು ಹುಡುಕಿದ. ಮೇ ತಿಂಗಳ ಒಂದು ಶನಿವಾರ ನಾಲ್ವರೂ ಅದನ್ನು ನೋಡಲು ಹೋದರು. ಪಾರ್ವತೆವ್ವ ಇಳಕಲ್ ಸೀರೆ ಉಟ್ಟು ಮೇಲೆ ಮಗನ ಸ್ವೆಟರು ಹಾಕಿಕೊಂಡಿದ್ದಳು.

ಬಿಳಿಯ ಕಂಬಗಳು, ಹಿತ್ತಾಳೆ ಹಿಡಿಕೆಯ ಕರಿಯ ಬಾಗಿಲು. ಒಳಗೆ ಕಾಲಿಟ್ಟರೆ ಹೆಜ್ಜೆಯ ಸದ್ದೇ ಆಗದಷ್ಟು ದಪ್ಪ ಜಮಖಾನ. ಮೆಟ್ಟಿಲ ಕಟಾಂಜನಕ್ಕೆ ಎಷ್ಟು ಹೊಳಪು ಹಚ್ಚಿದ್ದರೆಂದರೆ ಕಲ್ಯಾಣಿಗೆ ಅದರಲ್ಲಿ ತನ್ನ ಬಳೆ ಕಂಡವು. ಗೋಡೆಯ ತುಂಬ ಮರದ ಹಲಗೆಗಳು, ಅವುಗಳ ಮೇಲೆ ಇಲ್ಲಿ ಓದಿ ಹೋದವರ ಹೆಸರು, ಯಾವ ಮೆಡಿಕಲ್ ಕಾಲೇಜು ಸೇರಿದರೆಂಬುದು, ಎಲ್ಲ ಬಂಗಾರದ ಅಕ್ಷರದಲ್ಲಿ. ಮುರಿಗೆಪ್ಪ ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ಓದುತ್ತ ನಿಂತ. ದೊಡ್ಡ ದೊಡ್ಡ ಹೆಸರು.

"ಇದು ಅರಮನಿ ಇತ್ತೇನೋ ಮೊದಲ?" ಎಂದು ಪಾರ್ವತೆವ್ವ ಪಿಸುಗುಟ್ಟಿದಳು.

"ಸುಮ್ನಿರವಾ. ಸಾಲಿ ಇದು."

"ಇಂಥಾ ಸಾಲ್ಯಾಗ ಹುಡುಗರು ಮಾತಾಡತಾರೇನು?"

ಪ್ರಿನ್ಸಿಪಾಲರು ಎಲ್ಲರ ಕೈ ಕುಲುಕಿದರು. ಅಜ್ಜಿಗೆ ಕುರ್ಚಿ ಎಳೆದು ಕೊಟ್ಟರು. ಇಲ್ಲಿ ಕಲಿತ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಮೆಡಿಕಲ್ ಸೀಟು ಸಿಗುತ್ತದೆ, ತರಗತಿಯಲ್ಲಿ ಆರೇ ಜನ, ಪ್ರತಿಯೊಬ್ಬರಿಗೂ ಬೇರೆ ಮೈಕ್ರೋಸ್ಕೋಪು ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರಯೋಗಶಾಲೆ ತೋರಿಸಿದಾಗ ಚಿನ್ಮಯಿ ಒಂದೊಂದು ಮೈಕ್ರೋಸ್ಕೋಪಿನೊಳಗೂ ಬಗ್ಗಿ ನೋಡಿದಳು. ಆದರೆ ಫೀಸು ಕೇಳಿದ ಮೇಲೆ ಅವಳು ರೈಲಿನಲ್ಲಿ ವಿಕ್ಟೋರಿಯಾದಿಂದ ಕ್ರೋಯ್ಡನ್ನಿನವರೆಗೂ ತನ್ನ ಪಗಾರದ ಲೆಕ್ಕ ಹಾಕುತ್ತ ಬಂದಳು.

"ಹುಬ್ಬಳ್ಳಿ ಜಾಗಾ ಮಾರಿಬಿಡ್ತೇನಿ" ಎಂದು ಮುರಿಗೆಪ್ಪ ಮನೆಗೆ ಬಂದು ಕೋಟು ತೆಗೆಯುತ್ತಲೇ ಹೇಳಿದ. ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆ ಕಟ್ಟಿಸಲೆಂದು ತೆಗೆದಿಟ್ಟ ಜಾಗ ಅದು. ಕಿಟಕಿ ಎಲ್ಲಿ, ಬಾವಿ ಎಲ್ಲಿ ಎಂದು ಅವನು ಎಷ್ಟೋ ಸಲ ಪೇಪರಿನ ಅಂಚಿನಲ್ಲಿ ಗೀಚಿದ್ದ.

"ನಾನು ಬೇರೆ ಕಾಲೇಜು ನೋಡೀನಿ" ಅಂದಳು ಚಿನ್ಮಯಿ.

ಅದು ಮನೆಯಿಂದ ಟ್ರಾಮಿನಲ್ಲಿ ಹೋಗುವಷ್ಟು ದೂರದಲ್ಲಿತ್ತು. ಓದು ಬಿಟ್ಟು ಕೆಲಸ, ಮನೆ, ಮಕ್ಕಳು ಎಂದು ಹೋದ ದೊಡ್ಡವರಿಗಾಗಿಯೇ ಇರುವ ಆಕ್ಸೆಸ್ ಕೋರ್ಸು. ಫೀಸನ್ನು ಅವಳು ತನ್ನ ಲೈಬ್ರರಿ ಪಗಾರದಿಂದಲೇ ಕಟ್ಟಬಹುದು, ಅರ್ಧ ದಿನ ಕೆಲಸವನ್ನೂ ಮಾಡಬಹುದು.

"ಆ ಟ್ರಾಮ್ ಹಳಿ ಪಕ್ಕದ್ದೇನು? ಕಾರ್ಪೆಟ್ ಅಂಗಡಿ ಹಿಂದಿಂದು?"

"ಹೂಂ."

"ಅಲ್ಲಿ ಹೇರ್ ಕಟಿಂಗ್ ಕಲಸ್ತಾರ."

"ಅದನ್ನೂ ಕಲಸ್ತಾರ, ಅಪ್ಪಾ."

ಮುರಿಗೆಪ್ಪ ಕುರ್ಚಿ ಎಳೆದು ಕೂತ. ಅವನ ದನಿ ಏರಲಿಲ್ಲ. "ನೋಡವಾ, ನಾ ಹುಬ್ಬಳ್ಳ್ಯಾಗ ಎಂಜಿನಿಯರಿಂಗ್ ಮಾಡಿದೆ. ಭಾಳ ಚಲೋ ಕಾಲೇಜು. ಇಲ್ಲಿ ಬಂದಾಗ ಒಬ್ಬರಿಗೂ ಅದರ ಹೆಸರು ಗೊತ್ತಿರಲಿಲ್ಲ. ನಾ ಕೆಲಸ ಕಲಿಸಿದ ಹುಡುಗರು ದೊಡ್ಡ ಯೂನಿವರ್ಸಿಟಿ ಹೆಸರು ಹೇಳಿ ನನ್ನ ತಲಿ ಮ್ಯಾಲೆ ಹೋಗಿ ಕುಂತ್ರು. ಒಬ್ಬ ಅಲ್ಲ, ಇಬ್ಬರಲ್ಲ. ಹೆಸರಿಲ್ಲದ ಕಡಿಂದ ಬಂದವರ ಹಣೇಬರಾ ನನಗ ಗೊತ್ತೈತಿ, ನಿನಗ ಗೊತ್ತಿಲ್ಲ."

ಚಿನ್ಮಯಿ ಮರುದಿನದಿಂದ ಲೈಬ್ರರಿಯ ಊಟದ ಬಿಡುವಿನಲ್ಲಿ ಒಂದೊಂದೇ ಮೆಡಿಕಲ್ ಕಾಲೇಜಿಗೆ ಫೋನು ಮಾಡಿ ಕೇಳಿದಳು. ಬಹಳಷ್ಟು ಕಡೆ, ನಮಗೆ ಆ ಕೋರ್ಸು ನಡೆಯುವುದಿಲ್ಲವೆಂದು ನಯವಾಗಿ ಹೇಳಿದರು. ಕೆಲವರು ನೋಡೋಣ, ಅರ್ಜಿ ಹಾಕಿ ಅಂದರು. ಒಂದು ಕಡೆಯ ಹೆಂಗಸು ಮಾತ್ರ, ಹೋದ ವರ್ಷ ಅದೇ ಕಾಲೇಜಿನ ಇಬ್ಬರನ್ನು ತೆಗೆದುಕೊಂಡಿದ್ದೇವೆ ಎಂದಳು. ಚಿನ್ಮಯಿ ಇದನ್ನೆಲ್ಲ ಮನೆಯಲ್ಲಿ ಮುಚ್ಚಿಡದೆ ಹೇಳಿದಳು.

"ಅಂದ್ರ ನಾ ಹೇಳಿದ್ದು ಖರೇನ" ಅಂದ ಮುರಿಗೆಪ್ಪ.

"ಅರ್ಧ ಖರೆ, ಅಪ್ಪಾ."

"ಅರ್ಧ ಖರೇದ ಮ್ಯಾಲೆ ಜೀವನ ಇಡ್ತೀಯೇನು?"

"ನಿಮ್ಮ ಹುಬ್ಬಳ್ಳಿ ಮನೀ ಮ್ಯಾಲಂತೂ ಇಡಾಂಗಿಲ್ಲ" ಎಂದು ಚಿನ್ಮಯಿ ಎದ್ದು ತಟ್ಟೆ ತೊಳೆಯಲು ಹೋದಳು.

ಜೂನ್ ತಿಂಗಳಲ್ಲಿ ಟ್ರಾಮ್ ಕಾಲೇಜಿನಲ್ಲಿ ಹೊಸಬರು ಬಂದು ನೋಡಿಹೋಗುವ ಸಂಜೆಯೊಂದನ್ನು ಇಟ್ಟುಕೊಂಡಿದ್ದರು. ಮುರಿಗೆಪ್ಪ ಬರಲು ಒಪ್ಪಲಿಲ್ಲ. ಕಲ್ಯಾಣಿ ಶಾಲೆಯ ಅಡುಗೆಮನೆಯಿಂದ ನೇರ ಬಂದಳು, ಕೂದಲಲ್ಲಿ ಇನ್ನೂ ಬೇಯಿಸಿದ ಬಟಾಣಿಯ ವಾಸನೆಯಿತ್ತು.

ಚೌಕಾಕಾರದ ಕಟ್ಟಡ, ಲಿಫ್ಟಿನ ಬಾಗಿಲಿಗೆ ಕೆಟ್ಟಿದೆಯೆಂದು ಚೀಟಿ. ಮೂರನೇ ಮಹಡಿಯ ಪ್ರಯೋಗಶಾಲೆಯಲ್ಲಿ ಮೇಜಿಗೊಂದು ಮೈಕ್ರೋಸ್ಕೋಪು, ನಾಲ್ಕು ನಾಲ್ಕು ಜನಕ್ಕೆ. ಬಂದಿದ್ದವರಲ್ಲಿ ಬಸ್ಸು ಓಡಿಸುವವನೊಬ್ಬ ಡ್ಯೂಟಿಯ ಬಟ್ಟೆಯಲ್ಲೇ ಇದ್ದ. ಒಬ್ಬಳು ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಬಂದಿದ್ದಳು. ತಲೆ ನರೆತ ಒಬ್ಬ ಗಂಡಸು ಮೊದಲನೇ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದ. ಬಯಾಲಜಿ ಮೇಡಂ ಎತ್ತರದ ಕರಿಯ ಹೆಂಗಸು, ದಪ್ಪ ಕನ್ನಡಕ, ದೊಡ್ಡ ನಗು. ಭಾಷಣವನ್ನೇನೂ ಮಾಡದೆ ಎಲ್ಲರಿಗೂ ಹತ್ತಿ ಸುತ್ತಿದ ಒಂದೊಂದು ಕಡ್ಡಿ ಕೊಟ್ಟು, ಕೆನ್ನೆಯ ಒಳಗಡೆ ಉಜ್ಜಿಕೊಳ್ಳಿ ಅಂದಳು.

"ನೀವೂ" ಎಂದು ಕಲ್ಯಾಣಿಯ ಕೈಗೂ ಕಡ್ಡಿ ಇಟ್ಟಳು.

"ನಾನು ಬರೀ ತಾಯಿ" ಎಂದಳು ಕಲ್ಯಾಣಿ ಇಂಗ್ಲಿಷಿನಲ್ಲಿ.

"ನಿಮಗೂ ಕೆನ್ನೆ ಇದೆಯಲ್ಲ?"

ಎಲ್ಲರೂ ನಕ್ಕರು. ಕಲ್ಯಾಣಿ ಉಜ್ಜಿಕೊಂಡಳು. ಗಾಜಿನ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಬಿಟ್ಟು, ಚಿನ್ಮಯಿ ಹೇಳಿದಂತೆ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. ಮೊದಲು ಅವಳಿಗೆ ತನ್ನ ರೆಪ್ಪೆಯೇ ಕಂಡಿತು. ಮೇಡಂ ಏನೋ ತಿರುಗಿಸಿದಳು.

ಹಪ್ಪಳ ಒಣಗಲು ಹಾಕಿದಂತೆ ತೆಳ್ಳಗೆ ಹರಡಿದ್ದವು. ಒಂದಕ್ಕೊಂದು ತಾಗಿಕೊಂಡು, ಅಂಚು ಮಡಚಿಕೊಂಡು, ಪ್ರತಿಯೊಂದರ ನಡುವೆಯೂ ಒಂದು ಕಡು ನೀಲಿ ಚುಕ್ಕೆ. ಆ ಹೊತ್ತಿಗೆ ಕೆಳಗೆ ಟ್ರಾಮ್ ಹಾದುಹೋಯಿತು. ಕಿಟಕಿ ಗಾಜು ಗದಗುಟ್ಟಿತು, ಮೇಜು ನಡುಗಿತು, ಅವೂ ನಡುಗಿದವು.

"ಚಿನ್ನೂ, ಇದು ನಾನಾ?"

"ಹೂಂ, ಮಮ್ಮಿ."

ಕಲ್ಯಾಣಿ ತಲೆ ಎತ್ತದೆಯೇ, ನನ್ನೊಳಗೆ ಇಂಥವು ಎಷ್ಟಿವೆ ಎಂದು ಮೇಡಂಗೆ ಕೇಳಿದಳು. ಜೀವಕೋಶಗಳನ್ನು ಎಣಿಸಿ ಮುಗಿಸಿದವರು ಯಾರೂ ಇಲ್ಲ ಎಂದಳು ಮೇಡಂ. ಆಮೇಲೆ ಎಲ್ಲರಿಗೂ ಕೇಳುವಂತೆ, ಆದರೆ ಇಲ್ಲಿರುವ ಪ್ರತಿಯೊಬ್ಬರೂ ಶುರುವಾದದ್ದು ಒಂದರಿಂದ, ಒಂದೇ ಒಂದರಿಂದ, ಅಂದಳು. ಬಸ್ಸಿನವನು ಕೈ ಎತ್ತಿದ. ಒಂದು ಎರಡಾಗುವಾಗ ಕಣ್ಣಾಗಬೇಕು, ಉಗುರಾಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದ. ಮೇಡಂ ಅವನನ್ನು ನೋಡಿ, ಆ ಪ್ರಶ್ನೆ ಹಿಡಿದುಕೊಂಡು ಸೆಪ್ಟೆಂಬರಿಗೆ ಬಾ ಅಂದಳು.

ವಾಪಸು ಟ್ರಾಮಿನಲ್ಲಿ ಕಲ್ಯಾಣಿ ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಚಿಪ್ಸ್ ತಿನ್ನುತ್ತಿದ್ದ ಹುಡುಗ, ಕೋಲು ಹಿಡಿದ ಮುದುಕ, ಫೋನಿನಲ್ಲಿ ಜಗಳವಾಡುತ್ತಿದ್ದ ಹುಡುಗಿ. ಇವರೂ ಒಂದರಿಂದ. ಪಕ್ಕದಲ್ಲಿ ಕೂತ ಮಗಳೂ ಒಂದರಿಂದ, ಅದೂ ತನ್ನ ಹೊಟ್ಟೆಯಲ್ಲಿ, ತಾನು ಹುಬ್ಬಳ್ಳಿಯ ಮನೆಯಲ್ಲಿ ಕಸ ಗುಡಿಸುತ್ತ, ಅಕ್ಕಿ ಆರಿಸುತ್ತ ಇದ್ದಾಗ. ತನಗೆ ಏನೂ ಗೊತ್ತಿರಲಿಲ್ಲ. ಅವಳು ಚಿನ್ಮಯಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಮನೆಗೆ ಬಂದಾಗ ಮುರಿಗೆಪ್ಪ ಬಹಳ ಹುರುಪಿನಲ್ಲಿದ್ದ. "ಡಿಪಾಸಿಟ್ ಕಟ್ಟಿಬಿಟ್ಟೆ" ಅಂದ.

"ಎಲ್ಲಿ ಕಟ್ಟಿದ್ರಿ?" ಕಲ್ಯಾಣಿಗೆ ತಿಳಿದಿತ್ತು, ಆದರೂ ಕೇಳಿದಳು.

"ಕೆನ್ಸಿಂಗ್ಟನ್. ಲಾಸ್ಟ್ ಡೇಟ್ ಬಂದಿತ್ತು. ಲಕ್ಷ್ಮೀಶಗೂ ಹೇಳೇನಿ, ಅವನೂ ಭಾಳ ಖುಷಿ ಪಟ್ಟ." ಲಕ್ಷ್ಮೀಶ ಅವನ ಗೆಳೆಯ. ಅವನಿಗೆ ಹೇಳಿದರೆ ಲಂಡನ್ನಿನ ಅರ್ಧ ಕನ್ನಡಿಗರಿಗೆ ಹೇಳಿದಂತೆ.

"ನನ್ನ ಕೇಳಲಿಲ್ಲ" ಅಂದಳು ಚಿನ್ಮಯಿ.

"ಏನ ಕೇಳೂದೈತಿ? ನಿನ್ನ ಸಲುವಾಗೇ ಕಟ್ಟೇನಿ."

"ನಾನು ಟ್ರಾಮ್ ಕಾಲೇಜಿಗೆ ಹೆಸರು ಕೊಟ್ಟು ಬಂದೀನಿ. ಇವತ್ತು."

ಮುರಿಗೆಪ್ಪ ಹೆಂಡತಿಯ ಕಡೆ ತಿರುಗಿದ. "ನೀ ಬಾಜೂಕ ಇದ್ದೀ?"

"ಇದ್ದೆ."

"ಇಬ್ಬರೂ ಕೂಡಿ ಹುಡಿಗಿ ಜೀವನಾ ಹಾಳ ಮಾಡಾಕತ್ತೀರಿ ಅಂತ ಒಮ್ಮೆರೆ ಅನಸಲಿಲ್ಲ ನಿನಗ?"

"ಅಲ್ಲಿ ಏನ ನೋಡಿದ್ನಿ ಅಂತ ಕೇಳ್ರಿ ಒಮ್ಮೆ."

"ಅಲ್ಲಿ ನೋಡೂದೇನೈತಿ?"

"ನನ್ನ ನೋಡಿದ್ನಿ" ಅಂದಳು ಕಲ್ಯಾಣಿ. ಆದರೆ ಅವನು ಆಗಲೇ ಬಾಗಿಲು ದಾಟಿದ್ದ.

ಪಾರ್ವತೆವ್ವ ಮಗನ ಹಿಂದೆ ಹೋಗಿ, "ಜಾಗಾ ಉಳೀತಲ್ಲೋ, ಇನ್ನರೆ ಸಮಾಧಾನ ಮಾಡ್ಕೋ" ಅಂದಳು.

"ಜಾಗಾ ತಗೊಂಡ ಏನ ಮಾಡ್ಲೆವಾ? ನನಗಾದ ಅಪಮಾನ ನನ್ನ ಮಗಳಿಗೂ ಆಗಬೇಕೇನು?"

ಡಿಪಾಸಿಟ್ಟು ತಿರುಗಿ ಬರಲಿಲ್ಲ. ಅಂದಿನಿಂದ ಮುರಿಗೆಪ್ಪ ಅಡುಗೆಮನೆಯ ಮೇಜಿಗೆ ಊಟಕ್ಕೆ ಬರುವುದನ್ನೂ ಬಿಟ್ಟ. ಟೀವಿಯ ಮುಂದೆ ತಟ್ಟೆ ಹಿಡಿದು ಕೂರುತ್ತಿದ್ದ. ಕಲ್ಯಾಣಿ ಬಿಸಿ ರೊಟ್ಟಿ ಒಂದೊಂದನ್ನೇ ಆ ಕೋಣೆಗೆ ಒಯ್ದು ಕೊಡುವಳು. ಅವನು ಸಾಕು ಎನ್ನಲು ಕೈ ಅಡ್ಡ ಹಿಡಿಯುವನು, ಅಷ್ಟೆ. ಮಗಳೊಡನೆ ಮಾತಿಲ್ಲ. ಬಾತ್‌ರೂಮಿನ ಬಾಗಿಲಲ್ಲಿ ಎದುರಾದರೆ ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಡುವರು.

ಸೆಪ್ಟೆಂಬರಿನಲ್ಲಿ ತರಗತಿ ಶುರುವಾಯಿತು. ಚಿನ್ಮಯಿ ಬೆಳಗ್ಗೆ ಕಾಲೇಜು, ಮಧ್ಯಾಹ್ನ ಲೈಬ್ರರಿ, ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ. ಮೊದಲನೇ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಅವಳು ಫೇಲಾದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿಯ ಎದುರು ಕೂತು ಅತ್ತಳು. ಟೀವಿಯ ಕೋಣೆಯಿಂದ ಮುರಿಗೆಪ್ಪ ಜೋರಾಗಿಯೇ, "ಆರ ಮಂದಿ ಇರೂ ಕ್ಲಾಸಿನ್ಯಾಗ ಹಿಂಗ ಆಗ್ತಿರಲಿಲ್ಲ" ಅಂದ. ಮೂರು ತಿಂಗಳಲ್ಲಿ ಅವನು ಮಗಳಿಗೆ ಆಡಿದ ಮೊದಲ ಮಾತು ಅದು.

"ಕಾಲೇಜಿಂದು ತಪ್ಪಲ್ಲ, ಅಪ್ಪಾ. ನನಗೇ ಬರಂಗಿಲ್ಲ" ಎಂದು ಅವಳು ಅಲ್ಲಿಂದಲೇ ಕೂಗಿದಳು.

ಮರುದಿನ ಬಸ್ಸು ಓಡಿಸುವವನೂ ತಳ್ಳುಗಾಡಿಯವಳೂ ಅವಳೂ ಕೂಡಿ, ತರಗತಿ ಮುಗಿದ ಮೇಲೆ ಅದೇ ಪಾಠವನ್ನು ಮತ್ತೆ ಮಾಡಿದರು. ಎರಡನೇ ಪರೀಕ್ಷೆಯಲ್ಲಿ ಹೇಗೋ ಪಾಸಾದಳು. ಮೂರನೆಯದರಲ್ಲಿ ಚೆನ್ನಾಗಿ ಮಾಡಿದಳು. ಅದನ್ನು ಯಾರೂ ಆ ಕೋಣೆಗೆ ಹೇಳಲು ಹೋಗಲಿಲ್ಲ.

ನವೆಂಬರಿನ ಒಂದು ಸಂಜೆ ಪಾರ್ವತೆವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚಿನ್ಮಯಿ ಅವಳಿಗೆ ಪಾಠ ಹೇಳುತ್ತಿದ್ದಳು. ಅಜ್ಜಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಲು ಬಂದರೆ ತನಗೆ ಪಾಠ ಬಂತು ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು.

"ಕಿಡ್ನಿ ಎರಡು, ಅಜ್ಜಿ. ಬೆನ್ನಾಗ. ರಕ್ತ ಎಲ್ಲಾ ಅಲ್ಲಿ ಬರ್ತದ, ಸೋಸ್ತದ. ಚಲೋದು ವಾಪಸ್, ಹೊಲಸು ಹೊರಗ."

"ಜರಡೀ ಹಂಗ?"

"ಹಂಗ. ದಿನಕ್ಕ ನೂರಾ ಎಂಬತ್ತು ಲೀಟರ್."

ಮುರಿಗೆಪ್ಪ ಮೊಸರಿಗೆಂದು ಖಾಲಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದವನು ಅಲ್ಲೇ ನಿಂತ. "ಎಷ್ಟ ಅಂದಿ?"

ಚಿನ್ಮಯಿ ತಿರುಗಿ ನೋಡಿದಳು. "ನೂರಾ ಎಂಬತ್ತು."

"ಸುಳ್ಳು. ಮನಷ್ಯಾನ ಮೈಯಾಗ ರಕ್ತ ಇರೂದ ಐದು ಲೀಟರ್."

"ಅದನ್ನೇ ಮತ್ತ ಮತ್ತ, ಅಪ್ಪಾ. ಅದರಾಗ ಒಂದೂವರೆ ಲೀಟರ್ ಅಷ್ಟೇ ಹೊರಗ ಹೋಗ್ತದ. ಉಳಿದಿದ್ದು ವಾಪಸ್ ಎಳಕೋತದ."

"ಸೈಜು?"

ಅವಳು ಮುಷ್ಟಿ ಕಟ್ಟಿ ತೋರಿಸಿದಳು.

"ಪಂಪು?"

"ಬೇರೆ ಇಲ್ಲ. ಹಾರ್ಟಿನ ಪ್ರೆಶರೇ ಸಾಕು."

ಮುರಿಗೆಪ್ಪ ಬಟ್ಟಲನ್ನು ಮೇಜಿನ ಮೇಲಿಟ್ಟ. ಅವನ ಕಂಪನಿಯಲ್ಲಿ ನೀರು ಸೋಸುವ ಮರಳಿನ ಹಾಸುಗಳು ಒಂದೊಂದೂ ಫುಟ್‌ಬಾಲ್ ಮೈದಾನದಷ್ಟು ದೊಡ್ಡವು. ಎಷ್ಟೇ ಜೋಪಾನ ಮಾಡಿದರೂ ಕೆಲವು ವಾರಕ್ಕೆ ಕಟ್ಟಿಕೊಳ್ಳುತ್ತಿದ್ದವು, ನಿಲ್ಲಿಸಿ ಮೇಲಿನ ಪದರ ಕೆರೆದು ತೆಗೆಯಬೇಕಿತ್ತು. ಅವನು ಅದರಲ್ಲೇ ಹದಿನೆಂಟು ವರ್ಷ ಕಳೆದಿದ್ದ.

"ಫಿಲ್ಟರ್ ಬದಲೀ ಮಾಡೂದು ಯಾವಾಗ?"

"ಮಾಡಂಗಿಲ್ಲ."

"ತೊಳಿಯೂದು?"

"ಇಲ್ಲ."

"ನಮ್ಮವ್ವಂದು ಎಪ್ಪತ್ತಾರು ವರ್ಷದಿಂದ ಅದೇ ಫಿಲ್ಟರ್ರ?"

"ಅದೇ."

ಮುರಿಗೆಪ್ಪ ತಾಯಿಯನ್ನು ನೋಡಿದ. ಪಾರ್ವತೆವ್ವ ಏನೂ ಆಗದವಳಂತೆ ಮೆಂತ್ಯದ ಎಲೆ ಚಿವುಟಿ ಹಾಕುತ್ತಿದ್ದಳು. "ಯಾರ ಡಿಸೈನ್ ಮಾಡ್ಯಾರಪ್ಪಾ ಇದನ್ನ!" ಎಂದ. ಅವನ ದನಿ ಕೆನ್ಸಿಂಗ್ಟನ್ನಿನ ಬಂಗಾರದ ಅಕ್ಷರಗಳ ಮುಂದೆಯೂ ಇಷ್ಟು ಮೆತ್ತಗಾಗಿರಲಿಲ್ಲ. ಕುರ್ಚಿ ಎಳೆದು, "ಬಿಡಿಸಿ ತೋರಿಸು, ಒಳಗ ಪೈಪು ಹೆಂಗ ಹೋಗ್ತಾವು" ಎಂದು ಕೂತ. ಕಲ್ಯಾಣಿ ಅವನ ತಟ್ಟೆಯನ್ನು ಆ ಕೋಣೆಯಿಂದ ತಂದು ಅವನ ಮುಂದಿಟ್ಟಳು. ಆ ತಟ್ಟೆ ಮತ್ತೆ ಟೀವಿಯ ಮುಂದೆ ಹೋಗಲಿಲ್ಲ.

ಆದರೆ ಅವನು ಹೆದರಿದ್ದು ಸುಳ್ಳಾಗಲಿಲ್ಲ. ಚಿನ್ಮಯಿ ಅರ್ಜಿ ಹಾಕಿದ ನಾಲ್ಕು ಮೆಡಿಕಲ್ ಕಾಲೇಜುಗಳಲ್ಲಿ ಎರಡು ಕ್ರಿಸ್‌ಮಸ್ಸಿನೊಳಗೇ ಇಲ್ಲವೆಂದವು. ಇನ್ನೊಂದು ಸಂದರ್ಶನಕ್ಕೆ ಕರೆದು, ಆಮೇಲೆ ಇಲ್ಲವೆಂದಿತು. ಆ ದಿನ ಮುರಿಗೆಪ್ಪ ಕೆಲಸದಿಂದ ಬಂದು ಸುದ್ದಿ ಕೇಳಿ ಬೂಟು ಬಿಚ್ಚುತ್ತ ಬಹಳ ಹೊತ್ತು ಬಗ್ಗಿಕೊಂಡೇ ಕೂತ. ನಾ ಹೇಳಿರಲಿಲ್ಲವಾ ಎಂಬ ಮಾತಿಗಾಗಿ ಕಲ್ಯಾಣಿ ಕಾದಳು. ಅದು ಬರಲಿಲ್ಲ.

"ಸಿಗದಿದ್ರ?" ಎಂದು ಕೇಳಿದ ಕೊನೆಗೆ.

"ಮುಂದಿನ ವರ್ಷ ಮತ್ತೆ ಹಾಕ್ತೀನಿ."

"ಆಗಾನೂ ಸಿಗದಿದ್ರ?"

"ಕಿಡ್ನಿ ಹೆಂಗ ಕೆಲಸ ಮಾಡ್ತದಂತ ಗೊತ್ತಾತಲ್ಲ, ಅಪ್ಪಾ. ಅದನ್ನ ಯಾರೂ ವಾಪಸ್ ತಗೊಳ್ಳಂಗಿಲ್ಲ."

ನಾಲ್ಕನೆಯ ಕಾಲೇಜಿನ ಸಂದರ್ಶನ ಮಾರ್ಚಿನಲ್ಲಿತ್ತು. ಫೋನಿನಲ್ಲಿ ಆ ಹೆಂಗಸು ಹೋದ ವರ್ಷ ಇಬ್ಬರನ್ನು ತೆಗೆದುಕೊಂಡೆವು ಎಂದಿದ್ದು ಅಲ್ಲಿಯೇ. ಮುರಿಗೆಪ್ಪ ರಜೆ ಹಾಕಿ ಮಗಳ ಜೊತೆ ಹೋಗಿ ಹೊರಗೆ ಕೆಫೆಯಲ್ಲಿ ಕೂತ, ಮೂರು ಚಹಾ ಕುಡಿದ. ಸೀಟು ಸಿಕ್ಕಿದ ಸುದ್ದಿ ಬಂದಾಗ ಅವನು ಮಾಡಿದ ಮೊದಲ ಕೆಲಸ ಲಕ್ಷ್ಮೀಶನಿಗೆ ಫೋನು ಮಾಡಿದ್ದು. "ಇಲ್ಲೋ, ಕೆನ್ಸಿಂಗ್ಟನ್ ಅಲ್ಲ, ಅಲ್ಲಿ ಹೋಗಲಿಲ್ಲ ಆಕಿ. ಇಲ್ಲೇ, ಟ್ರಾಮ್ ಹಳಿ ಬಾಜೂದು" ಎಂದು ಅವನು ಹೇಳುವುದು ಕಲ್ಯಾಣಿಗೆ ಅಡುಗೆಮನೆಗೆ ಕೇಳಿತು. ಚಿನ್ಮಯಿಯ ತರಗತಿಯಲ್ಲಿ ಎಲ್ಲರಿಗೂ ಸೀಟು ಸಿಗಲಿಲ್ಲ. ತಳ್ಳುಗಾಡಿಯವಳಿಗೆ ಸಿಕ್ಕಿತು. ಬಸ್ಸು ಓಡಿಸುವವನಿಗೆ ಎಲ್ಲೂ ಸಿಗಲಿಲ್ಲ. ಅವನು ಮತ್ತೆ ಬಸ್ಸಿಗೆ ಹೋದ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ ಅಂದ.

2003ರ ಅಕ್ಟೋಬರಿನಲ್ಲಿ ಚಿನ್ಮಯಿ ಹಾಸ್ಟೆಲ್ಲಿನಿಂದ ಮೊದಲ ಸಲ ಮನೆಗೆ ಬಂದಳು. ಭಾನುವಾರ ಮಧ್ಯಾಹ್ನ. ಕಲ್ಯಾಣಿ ಟೂಟಿಂಗಿನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದಿದ್ದಳು. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಎಲ್ಲ ಮೇಜಿನ ಮೇಲಿತ್ತು. ಚಿನ್ಮಯಿ ರೊಟ್ಟಿ ಮುರಿದವಳು ಬಾಯಿಗೆ ಇಡಲಿಲ್ಲ.

"ಯಾಕ? ಆರಾಮಿಲ್ಲೇನು?" ಎಂದು ಕಲ್ಯಾಣಿ ಕೇಳಿದಳು.

"ಶುಕ್ರವಾರ ನಮ್ಮನ್ನ ಡಿಸೆಕ್ಷನ್ ರೂಮಿಗೆ ಕರಕೊಂಡು ಹೋದ್ರು." ಅಜ್ಜಿಯ ಕಡೆ ತಿರುಗಿ ಹೇಳಿದಳು: "ಸತ್ತವರ ದೇಹ ಇಟ್ಟು ಕಲಸ್ತಾರ, ಅಜ್ಜಿ."

ಪಾರ್ವತೆವ್ವ ತಿನ್ನುವುದನ್ನು ನಿಲ್ಲಿಸಿದಳು.

"ಎಲ್ಲಾರೂ ಸುಮ್ನೆ ನಿಂತ್ವಿ. ಮೈತುಂಬ ಬಟ್ಟಿ ಹೊದಿಸಿದ್ರು. ಒಂದು ಕೈ ಅಷ್ಟೇ ಹೊರಗಿತ್ತು. ಹೆಂಗಸು, ವಯಸ್ಸಾದಾಕಿ. ಉಗುರಿಗೆ ಬಣ್ಣ ಇತ್ತು, ಗುಲಾಬಿ, ಸ್ವಲ್ಪ ಸ್ವಲ್ಪ ಹೋಗಿತ್ತು." ಅವಳು ತನ್ನ ಬೆರಳು ನೋಡಿಕೊಂಡಳು. "ಯಾರು ಹಚ್ಚಿದ್ರೋ. ತಾನೇ ಹಚ್ಚಿಕೊಂಡಿದ್ಲೋ."

"ಮನಿಯವ್ರು ಕೊಟ್ಟಾರೇನು?" ಎಂದ ಮುರಿಗೆಪ್ಪ.

"ಇಲ್ಲಪ್ಪಾ. ತಾನೇ ಕೊಟ್ಟಾಳ. ಬದುಕಿದ್ದಾಗಲೇ ಹೇಳಿ ಇಟ್ಟಿದ್ಲಂತ, ನಾ ಹೋದ ಮ್ಯಾಲೆ ಓದೋರಿಗೆ ಕೊಡ್ರಿ ಅಂತ."

ತನ್ನನ್ನು ಹೇಗೆ ಮಣ್ಣು ಮಾಡಬೇಕೆಂದು ಪಾರ್ವತೆವ್ವ ಮಗನಿಗೆ ಎಷ್ಟೋ ಸಲ ಹೇಳಿದ್ದಳು. ಕೂಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಒಂದು ಕೂದಲೂ ಕೊಂಕದಂತೆ. ಅವಳು ಮೊಮ್ಮಗಳನ್ನೇ ನೋಡುತ್ತ ಕೇಳಿದಳು.

"ತಾನಾಗೇ ಕೊಟ್ಟಾಳ?"

"ಹೂಂ."

"ಗುರ್ತಿಲ್ಲದ ಹುಡುಗರಿಗೆ?"

"ಹೂಂ, ಅಜ್ಜಿ."

"ಹೆಸರೇನ ಆಕೀದು?"

"ಹೆಸರು ನಮಗ ಹೇಳಂಗಿಲ್ಲ."

ಪಾರ್ವತೆವ್ವ ಕೈ ತೊಳೆದುಕೊಂಡು ಬಂದಳು. ಸೆರಗು ಹೊದ್ದು, "ಕಲ್ಯಾಣಿ, ಒಂದು ಎಡಿ ಹಿಡಿಯವಾ" ಅಂದಳು.

ಅವರ ಮನೆಯಲ್ಲಿ ಎಡೆ ಹಿಡಿಯುತ್ತಿದ್ದುದು ಹಿರಿಯರ ಹಬ್ಬಕ್ಕೆ, ತೀರಿಹೋದ ತಮ್ಮವರಿಗೆ. ಕಲ್ಯಾಣಿ ಬೀರುವಿನಿಂದ ಹೊಸ ತಟ್ಟೆ ತೆಗೆದಳು. ಮುರಿಗೆಪ್ಪ ಎದ್ದು ಮೇಜಿನ ಒಂದು ಬದಿ ಒರೆಸಿ, ಐದನೆಯ ಕುರ್ಚಿಯ ಮೇಲಿದ್ದ ಪೇಪರು ತೆಗೆದು, ಲೋಟದಲ್ಲಿ ನೀರು ತುಂಬಿ ತಂದಿಟ್ಟ.

"ಹೆಸರ ಗೊತ್ತಿಲ್ಲ, ಏನಂತ ಕರೀಲಿ ಅತ್ತೀ?"

"ಕರದ್ರ ಸಾಕು. ಯಾರನ್ನ ಕರದಾರಂತ ಆಕಿಗೆ ತಿಳೀತೈತಿ."

ಕಲ್ಯಾಣಿ ರೊಟ್ಟಿ ಇಟ್ಟಳು, ಪಲ್ಯ ಇಟ್ಟಳು. ಎಣ್ಣೆಗಾಯಿಯ ಸೌಟಿಗೆ ಕೈ ಹಾಕಿದಾಗ ಪಾರ್ವತೆವ್ವ ತಡೆದಳು.

"ತಡಿ. ಅದು ಖಾರೈತಿ, ಆಕಿಗೆ ರೂಢಿ ಇರಾಂಗಿಲ್ಲ. ಮ್ಯಾಲಿನ ಮಸಾಲಿ ತಗದ ಬರೇ ಬದನಿಕಾಯಿ ಹಾಕು. ಮೊಸರು ಮುಂದ ಮಾಡು."

ಕಲ್ಯಾಣಿ ಚಮಚದಿಂದ ಮಸಾಲೆ ಸರಿಸಿ, ಮೆತ್ತಗಿನ ಬದನೆಕಾಯಿಯೊಂದನ್ನು ಇಟ್ಟು, ಪಕ್ಕದಲ್ಲಿ ಮೊಸರು ಹಾಕಿದಳು. ನಾಲ್ವರೂ ಕೈ ಮುಗಿದು ಖಾಲಿ ಕುರ್ಚಿಯ ಎದುರು ನಿಂತರು. ಹೊರಗೆ ಯಾರೋ ಕಾರು ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಉಂಡು ಏಳುವಷ್ಟು ಹೊತ್ತು ಬಿಟ್ಟು, ಆಮೇಲೆ ಎಲ್ಲರೂ ಊಟಕ್ಕೆ ಕೂತರು.